‘ಸೆಡ್’ ಆದ ಮೇಲೆ ‘ಈಸ್’ ಬರಬಹುದಾ?

ಪ್ರಶ್ನೆ: ನಾನು ಎಸ್ಎಸ್ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಕ್ಲೈಂಟ್ ಜೊತೆ ಕಾಲ್ ಮುಗಿದ ಮೇಲೆ ಅವರು ಏನೇನು ಹೇಳಿದರು ಅಂತ ಎಲ್ಲರಿಗೂ ಮೇಲ್ ಹಾಕಬೇಕು. ಮೊನ್ನೆ ‘ದ ಕ್ಲೈಂಟ್ ಸೆಡ್ ದಟ್ ದ ಪೇಮೆಂಟ್ ಪೇಜ್ ಈಸ್ ಸ್ಲೋ’ ಅಂತ ಬರೆದೆ. ನಮ್ಮ ಟೀಮ್ ಲೀಡ್ ‘ಈಸ್’ ತೆಗೆದು ‘ವಾಸ್’ ಮಾಡಿದರು. ಆದರೆ ಪೇಜ್ ಈಗಲೂ ಸ್ಲೋ ಆಗಿಯೇ ಇದೆ! ‘ವಾಸ್’ ಅಂದರೆ ಆಗ ಇತ್ತು, ಈಗ ಸರಿಹೋಗಿದೆ ಅಂತ ಆಗಲ್ವಾ? ಇಂಗ್ಲಿಷ್ ಪೇಪರ್ ತೆಗೆದರೆ ‘ದ ಮಿನಿಸ್ಟರ್ ಸೆಡ್ ದ ಬ್ರಿಡ್ಜ್ ವಿಲ್ ಓಪನ್ ಇನ್ ಜೂನ್’ ಅಂತ ಧಾರಾಳವಾಗಿ ಬರೆದಿರುತ್ತಾರೆ. ಅವರಿಗೊಂದು ರೂಲ್, ನಮಗೊಂದು ರೂಲಾ? ಇನ್ನೊಂದು ವಾಕ್ಯವನ್ನೂ ತಿದ್ದಿದರು: ‘ಐ ವಿಲ್ ಅಪ್‌ಡೇಟ್ ಯು ವೆನ್ ದ ಬಿಲ್ಡ್ ವಿಲ್ ಕಮ್’. ಬಿಲ್ಡ್ ಅಂದರೆ ನಾವು ಟೆಸ್ಟ್ ಮಾಡಬೇಕಾದ ಸಾಫ್ಟ್‌ವೇರ್‌ನ ಹೊಸ ಆವೃತ್ತಿ. ಅದು ಇನ್ನೂ ಬಂದಿಲ್ಲ, ಮುಂದೆ ಬರುವಂಥದ್ದು. ಅಲ್ಲಿ ‘ವಿಲ್’ ಯಾಕೆ ಬೇಡ?

ಉತ್ತರ: ನೀವು ಬರೆದ ‘ಈಸ್’ ತಪ್ಪಲ್ಲ. ನಿಮ್ಮ ಲೀಡ್ ಹಾಕಿದ ‘ವಾಸ್’ ಕೂಡ ತಪ್ಪಲ್ಲ. ಎರಡಕ್ಕೂ ಒಂದು ಸಣ್ಣ ವ್ಯತ್ಯಾಸ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ‘ವಾಸ್’ ಅಂದ ಮಾತ್ರಕ್ಕೆ ಪೇಜ್ ಈಗ ಸರಿಹೋಗಿದೆ ಅಂತ ಇಂಗ್ಲಿಷ್ ಬಲ್ಲವರು ಯಾರೂ ತಿಳಿದುಕೊಳ್ಳುವುದಿಲ್ಲ. ಆ ಭಯ ಬಿಡಿ. ಇನ್ನು ‘ವೆನ್ ದ ಬಿಲ್ಡ್ ವಿಲ್ ಕಮ್’ ಮಾತ್ರ ತಪ್ಪೇ. ಅಲ್ಲಿ ನಾನು ನಿಮ್ಮ ಲೀಡ್ ಪರ.

ಆ ಭಯ ನಿಮಗೆ ಬಂದದ್ದು ಕನ್ನಡದಿಂದ. ಕನ್ನಡದಲ್ಲಿ ಅದು ಪೂರ್ತಿ ನ್ಯಾಯವಾದ ಭಯ. ನಾವು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಗೆ ದಾಟಿಸುತ್ತೇವೆ ನೋಡಿ. ರಮೇಶ ನಿನ್ನೆ ಫೋನ್ ಮಾಡಿ ‘ಹುಷಾರಿಲ್ಲ, ನಾಳೆ ಬರ್ತೀನಿ’ ಅಂದ. ನೀವು ಅದನ್ನು ಅಮ್ಮನಿಗೆ ಹೇಳುವಾಗ ‘ರಮೇಶ ಹುಷಾರಿಲ್ಲ ಅಂದ, ನಾಳೆ ಬರ್ತೀನಿ ಅಂದ’ ಅನ್ನುತ್ತೀರಿ. ಅವನ ಬಾಯಿಂದ ಬಂದ ಕ್ರಿಯಾಪದ ಹಾಗೇ ಇದೆ. ಅದರ ಹಿಂದೆ ‘ಅಂದ’ ಸೇರಿತು, ಅಷ್ಟೇ. ಈಗ ಅದನ್ನೇ ‘ರಮೇಶ ಹುಷಾರಿರಲಿಲ್ಲ ಅಂದ’ ಮಾಡಿ. ಅರ್ಥವೇ ಬೇರೆ ಆಯಿತು. ಫೋನ್ ಮಾಡುವ ಹೊತ್ತಿಗೆ ಚೆನ್ನಾಗಿದ್ದ, ಅದಕ್ಕೂ ಮೊದಲು ಯಾವಾಗಲೋ ಮಲಗಿದ್ದ ಅಂತ. ಅಂದರೆ ಕನ್ನಡದಲ್ಲಿ ಒಳಗಿನ ವಾಕ್ಯದ ಕಾಲವನ್ನು ಅಳೆಯುವುದು, ಮೊದಲು ಮಾತಾಡಿದವನು ನಿಂತ ಜಾಗದಿಂದ.

ಪತ್ರಿಕೆಯ ಕನ್ನಡದಲ್ಲೂ ಹೀಗೇ. ‘ತಾವು ರಾಜೀನಾಮೆ ಕೊಡುವುದಿಲ್ಲ ಎಂದು ಸಚಿವರು ಹೇಳಿದರು’ ಅಂತ ದಿನಾ ಓದುತ್ತೇವೆ. ‘ಕೊಡುತ್ತಿರಲಿಲ್ಲ ಎಂದು ಹೇಳಿದರು’ ಅಂತ ಯಾರೂ ತಿರುಗಿಸುವುದಿಲ್ಲ. ಇನ್ನೂ ಮಜಾ ಇರುವುದು ‘ತಾನು ಬರ್ತೀನಿ ಅಂದ’ ಅನ್ನುವ ವಾಕ್ಯದಲ್ಲಿ. ‘ನಾನು’ ಹೋಗಿ ‘ತಾನು’ ಆಯಿತು. ಆದರೆ ಕ್ರಿಯಾಪದ ‘ಬರ್ತಾನೆ’ ಆಗಲಿಲ್ಲ, ‘ನಾನು’ ಜೊತೆ ಹೋಗುವ ‘ಬರ್ತೀನಿ’ಯಾಗಿಯೇ ಉಳಿಯಿತು. ಸರ್ವನಾಮ ನಮ್ಮ ಕಡೆಗೆ ಬಂದರೂ ಕ್ರಿಯಾಪದ ರಮೇಶನ ಬಾಯಲ್ಲೇ ಇದೆ. ಹಿಂದಿಯಲ್ಲಿ ‘ಉಸ್ನೇ ಕಹಾ ಕಿ ವಹ್ ಆಯೇಗಾ’ ಅಂದಾಗಲೂ ಕಾಲ ಕದಲುವುದಿಲ್ಲ. ಜಪಾನಿ, ರಷ್ಯನ್ ಭಾಷೆಗಳೂ ಈ ವಿಷಯದಲ್ಲಿ ನಮ್ಮ ಕಡೆಯವೇ. ಹಾಗಾಗಿ ಇದು ಕನ್ನಡ ಮೀಡಿಯಂನವರ ದೌರ್ಬಲ್ಯ ಅಂತ ಯಾರಾದರೂ ಅಂದರೆ ತಲೆ ಕೆಡಿಸಿಕೊಳ್ಳಬೇಡಿ.

ಇಂಗ್ಲಿಷಿನಲ್ಲಿ ಗಡಿಯಾರ ಇರುವುದು ವರದಿ ಮಾಡುವವರ ಕೈಯಲ್ಲಿ. ರಮೇಶ ಹೇಳಿದ್ದು ನಿನ್ನೆ. ಅವನ ಕಾಯಿಲೆಯನ್ನೂ ನಾನು ನಿನ್ನೆಯ ಸಂಗತಿಯಾಗಿಯೇ ನೋಡುತ್ತಿದ್ದೇನೆ. ಆದ್ದರಿಂದ ‘ರಮೇಶ್ ಸೆಡ್ ಹಿ ವಾಸ್ ಇಲ್’. ಇಲ್ಲಿ ‘ವಾಸ್’ ಅಂದರೆ ‘ಹೇಳುವ ಹೊತ್ತಿಗೆ’ ಹುಷಾರಿರಲಿಲ್ಲ ಅಂತ. ಇವತ್ತು ಎದ್ದು ಓಡಾಡುತ್ತಿದ್ದಾನೋ ಇನ್ನೂ ಮಲಗಿದ್ದಾನೋ, ಆ ಬಗ್ಗೆ ಈ ವಾಕ್ಯ ಬಾಯಿ ಬಿಡುವುದಿಲ್ಲ. ಹೇಳುವುದಕ್ಕೂ ಮುಂಚೆಯೇ ಕಾಯಿಲೆ ಬಂದು ಹೋಗಿತ್ತು ಅಂತ ಖಚಿತವಾಗಿ ಹೇಳಬೇಕಿದ್ದರೆ ‘ಹಿ ಸೆಡ್ ಹಿ ಹ್ಯಾಡ್ ಬೀನ್ ಇಲ್’ ಅನ್ನಬೇಕು. ನಿಮ್ಮ ಲೀಡ್ ಹಾಕಿದ ‘ವಾಸ್ ಸ್ಲೋ’ ಇದೇ ಜಾತಿಯದು. ಕಾಲ್ ನಡೆಯುವಾಗ ಪೇಜ್ ಸ್ಲೋ ಇತ್ತು ಅಂತ ಕ್ಲೈಂಟ್ ದೂರಿದರು. ಈಗಿನ ಸ್ಥಿತಿ ಏನು ಅನ್ನುವುದು ಮೇಲ್‌ನ ಮುಂದಿನ ಸಾಲಿನ ಕೆಲಸ.

ಇನ್ನೂ ಅನುಮಾನ ಇದ್ದರೆ ಈ ವಾಕ್ಯ ನೋಡಿ: ‘ಐ ಡಿಡಂಟ್ ನೋ ಯು ವರ್ ಫ್ರಮ್ ಮೈಸೂರು.’ ಎದುರಿಗಿರುವವರು ಈಗಲೂ ಮೈಸೂರಿನವರೇ. ಊರು ಎಲ್ಲಿಗೂ ಓಡಿಹೋಗಿಲ್ಲ. ಆದರೂ ‘ವರ್’. ಇಲ್ಲಿ ಯಾರೂ ‘ಹಾಗಾದರೆ ಈಗ ಯಾವ ಊರು?’ ಅಂತ ಕೇಳುವುದಿಲ್ಲ. ಮುಖ್ಯ ಕ್ರಿಯಾಪದ ‘ಡಿಡಂಟ್ ನೋ’ ಪಾಸ್ಟ್ ಆದದ್ದಕ್ಕೆ ಒಳಗಿನದೂ ಅದರ ಜೊತೆ ಸರಿಯಿತು. ವ್ಯಾಕರಣದವರು ಇದಕ್ಕೆ ಬ್ಯಾಕ್‌ಶಿಫ್ಟ್ ಅನ್ನುತ್ತಾರೆ.

ಶಾಲೆಯಲ್ಲಿ ಇದನ್ನು ‘ಸೀಕ್ವೆನ್ಸ್ ಆಫ್ ಟೆನ್ಸಸ್’ ಅಂತ ಕಲಿಸುತ್ತಾರೆ. ಹೆಸರು ಲ್ಯಾಟಿನ್ ವ್ಯಾಕರಣದಿಂದ ಬಂದದ್ದು. ನಮ್ಮಲ್ಲಿ ತಲೆಮಾರುಗಳಿಂದ ಓದುತ್ತಿರುವ ರೆನ್ ಅಂಡ್ ಮಾರ್ಟಿನ್ ವ್ಯಾಕರಣದಲ್ಲೂ ಇದೆ: ಮುಖ್ಯ ವಾಕ್ಯದಲ್ಲಿ ಪಾಸ್ಟ್ ಇದ್ದರೆ ಒಳಗಿನ ವಾಕ್ಯದಲ್ಲೂ ಪಾಸ್ಟ್. ಇದಕ್ಕೆ ಎಕ್ಸೆಪ್ಷನ್ ಆಗಿ ‘ಯೂನಿವರ್ಸಲ್ ಟ್ರೂತ್’, ಅಂದರೆ ಎಂದೆಂದಿಗೂ ನಿಜವಾದದ್ದು ಇದ್ದರೆ ಪ್ರೆಸೆಂಟ್ ಬರಬಹುದು. ಎಲ್ಲರಿಗೂ ನೆನಪಿರುವ ಉದಾಹರಣೆ ಭೂಮಿ ಸೂರ್ಯನ ಸುತ್ತ ತಿರುಗುವುದು.

ನನ್ನ ತಕರಾರು ಇರುವುದು ಇಲ್ಲಿ. ಎಕ್ಸೆಪ್ಷನ್ ಸರಿಯೇ, ಆದರೆ ಅದಕ್ಕೆ ಕೊಡುವ ಕಾರಣ ಅರ್ಧ ಮಾತ್ರ. ಪ್ರೆಸೆಂಟ್ ಬರುವುದು ಸಂಗತಿ ಶಾಶ್ವತ ಅನ್ನುವ ಕಾರಣಕ್ಕಲ್ಲ. ವರದಿ ಮಾಡುವವರು ‘ಹೌದು, ಇದು ಈಗಲೂ ನಿಜ, ನಾನೂ ಒಪ್ಪುತ್ತೇನೆ’ ಅಂತ ಅದರ ಹಿಂದೆ ನಿಂತಾಗ ಪ್ರೆಸೆಂಟ್ ಬರುತ್ತದೆ. ಇದಕ್ಕೆ ಆಕಾಶದಿಂದಲೇ ಉದಾಹರಣೆ ಕೊಡಬಹುದು. 1543ರಲ್ಲಿ ಕೋಪರ್ನಿಕಸ್ ಪುಸ್ತಕ ಬಂತು, ಭೂಮಿ ಸೂರ್ಯನನ್ನು ಸುತ್ತುತ್ತದೆ ಅಂತ. ‘ಕೋಪರ್ನಿಕಸ್ ಸೆಡ್ ದಟ್ ದಿ ಅರ್ತ್ ಗೋಸ್ ರೌಂಡ್ ದ ಸನ್.’ ಚೆನ್ನಾಗಿದೆ. ಅವನಿಗಿಂತ ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷ ಮೊದಲು ಅಲೆಕ್ಸಾಂಡ್ರಿಯಾದ ಟಾಲೆಮಿ ಸೂರ್ಯನೇ ಭೂಮಿಯನ್ನು ಸುತ್ತುತ್ತಾನೆ ಅಂತ ಹೇಳಿದ್ದ. ಅವನ ಪಾಲಿಗೆ ಅದೂ ಎಂದೆಂದಿಗೂ ನಿಜವೇ. ಆದರೆ ‘ಟಾಲೆಮಿ ಸೆಡ್ ದಟ್ ದ ಸನ್ ಗೋಸ್ ರೌಂಡ್ ದಿ ಅರ್ತ್’ ಅಂತ ಬರೆದು ನೋಡಿ. ಬರೆದವರೂ ಅದನ್ನು ನಂಬಿದ್ದಾರೇನೋ ಅನ್ನಿಸುತ್ತದೆ. ಆದ್ದರಿಂದ ಟಾಲೆಮಿಗೆ ‘ವೆಂಟ್ ರೌಂಡ್’. ಸುತ್ತುವ ಸಂಗತಿ ಎರಡೂ ಕಡೆ ಒಂದೇ ಥರದ್ದು. ಬದಲಾದದ್ದು ಬರೆಯುವವರ ಒಪ್ಪಿಗೆ.

ಅಂದ ಹಾಗೆ, ಕೋಪರ್ನಿಕಸ್‌ಗೂ ‘ವೆಂಟ್ ರೌಂಡ್’ ಅಂದರೆ ತಪ್ಪೇನಿಲ್ಲ. ಭೂಮಿ ತಿರುಗುವುದನ್ನು ನಿಲ್ಲಿಸಿತು ಅಂತ ಅರ್ಥ ಬರುವುದಿಲ್ಲ. ಪರೀಕ್ಷೆಯಲ್ಲಿ ಮಾರ್ಕ್ಸ್ ಹೋಗಬಹುದು, ಅದು ಬೇರೆ ಮಾತು. ಮಕ್ಕಳು ಪರೀಕ್ಷೆಗೆ ಬರೆಯುವಾಗ ಟೆಕ್ಸ್ಟ್‌ಬುಕ್ ಹೇಳಿದಂತೆಯೇ ಬರೆಯಲಿ.

ಈ ಒಪ್ಪಿಗೆಗೆ ಒಂದು ಗಟ್ಟಿ ಷರತ್ತು ಇದೆ. ‘ಸೆಡ್’ ಆದ ಮೇಲೆ ಪ್ರೆಸೆಂಟ್ ಹಾಕಿದರೆ, ಆ ಸಂಗತಿ ಎರಡು ಹೊತ್ತಿನಲ್ಲಿ ನಿಲ್ಲಬೇಕು: ಅವರು ಹೇಳಿದ ಹೊತ್ತಿನಲ್ಲಿ, ಮತ್ತು ನೀವು ಬರೆಯುತ್ತಿರುವ ಈ ಹೊತ್ತಿನಲ್ಲಿ. ಭಾಷಾಶಾಸ್ತ್ರದವರು ಇದನ್ನು ಡಬಲ್ ಆ್ಯಕ್ಸೆಸ್ ಅನ್ನುತ್ತಾರೆ. ಅವರಿಗೆ ತುಂಬಾ ಇಷ್ಟವಾದ ಉದಾಹರಣೆ ಗರ್ಭಿಣಿಯದು. ಹೋದ ವಾರ ಸವಿತಾ ವಿಷಯ ಹೇಳಿದಳು. ಇವತ್ತು ನೀವು ‘ಸವಿತಾ ಸೆಡ್ ಶಿ ಈಸ್ ಪ್ರೆಗ್ನೆಂಟ್’ ಅಂದರೆ ಸರಿ. ಅವಳು ಎರಡು ವರ್ಷದ ಹಿಂದೆ ಹೇಳಿದ್ದನ್ನು ಈಗ ಹಾಗೆ ಹೇಳಲಾಗದು. ಅಷ್ಟು ದೀರ್ಘ ಬಸಿರು ಆನೆಗೂ ಕಷ್ಟವೇ. ಆಗ ‘ವಾಸ್’ ಒಂದೇ ದಾರಿ. ಕನ್ನಡಕ್ಕೆ ಈ ತಾಪತ್ರಯವೇ ಇಲ್ಲ. ‘ಎರಡು ವರ್ಷದ ಹಿಂದೆ ಸವಿತಾ ತಾನು ಬಸುರಿ ಅಂದಿದ್ದಳು’ ಅಂದರೆ ಯಾರಿಗೂ ಗೊಂದಲ ಆಗುವುದಿಲ್ಲ.

ಚರಿತ್ರೆಯಿಂದ ಒಂದು ಉದಾಹರಣೆ. 1938ರ ಸೆಪ್ಟೆಂಬರ್ 30ರಂದು ಬ್ರಿಟನ್ನಿನ ಪ್ರಧಾನಿ ನೆವಿಲ್ ಚೇಂಬರ್ಲಿನ್ ಮ್ಯೂನಿಕ್‌ನಲ್ಲಿ ಹಿಟ್ಲರ್ ಜೊತೆ ಒಪ್ಪಂದ ಮಾಡಿಕೊಂಡು ಲಂಡನ್ನಿಗೆ ವಾಪಸ್ ಬಂದರು. ಸೇರಿದ್ದ ಜನಕ್ಕೆ ‘ಐ ಬಿಲೀವ್ ಇಟ್ ಈಸ್ ಪೀಸ್ ಫಾರ್ ಅವರ್ ಟೈಮ್’ ಅಂದರು. ಒಂದು ವರ್ಷ ತುಂಬುವ ಮೊದಲೇ ಯುದ್ಧ ಶುರುವಾಯಿತು. ಇದನ್ನು ಇವತ್ತು ವರದಿ ಮಾಡುವವರು ‘ಚೇಂಬರ್ಲಿನ್ ಸೆಡ್ ಹಿ ಬಿಲೀವ್ಡ್ ಇಟ್ ವಾಸ್ ಪೀಸ್’ ಅಂತಲೇ ಬರೆಯಬೇಕು. ‘ಬಿಲೀವ್ಸ್’ ಅಂದರೆ ಅವರು ಈಗಲೂ ನಂಬುತ್ತಿದ್ದಾರೆ, ‘ಈಸ್’ ಅಂದರೆ ಆ ಶಾಂತಿ ಈಗಲೂ ಇದೆ. ಎರಡೂ ಸಾಧ್ಯವಿಲ್ಲ. ಇಲ್ಲಿ ಪ್ರಶ್ನೆ ಶಾಶ್ವತ ಸತ್ಯದ್ದಲ್ಲ. ಮಾತು ಹಳಸಿತು, ಅಷ್ಟೇ.

ಈಗ ನಿಮ್ಮ ಮೇಲ್‌ಗೆ ಬರೋಣ. ಪೇಜ್ ಸ್ಲೋ ಅಂತ ಕ್ಲೈಂಟ್ ಹೇಳಿದರು. ನೀವೂ ಓಪನ್ ಮಾಡಿ ನೋಡಿದ್ದೀರಿ, ನಿಮಗೂ ಹಾಗೇ ಕಂಡಿದೆ. ಆಗ ‘ಈಸ್ ಸ್ಲೋ’ ಅಂದರೆ ಅದರ ಹಿಂದೆ ನೀವೂ ನಿಂತಂತೆ. ಒಳ್ಳೆಯದೇ. ಇನ್ನೂ ಚೆಕ್ ಮಾಡಿಲ್ಲ, ಅವರ ಇಂಟರ್ನೆಟ್ಟೇ ಸರಿಯಿಲ್ಲದಿರಬಹುದು ಅನ್ನುವ ಸಂಶಯ ಇದೆಯಾ? ಆಗ ‘ವಾಸ್’ ಕ್ಷೇಮ. ಅದು ಕ್ಲೈಂಟ್ ಮಾತು, ನಮ್ಮ ತೀರ್ಮಾನ ಅಲ್ಲ ಅನ್ನುವ ದೂರವನ್ನು ‘ವಾಸ್’ ಸುಮ್ನೆ ತಾನಾಗಿಯೇ ಕಾಪಾಡುತ್ತದೆ. ಟೆಸ್ಟಿಂಗ್‌ನಲ್ಲಿ ಇರುವವರಿಗೆ ಈ ದೂರದ ಬೆಲೆ ಗೊತ್ತೇ ಇರುತ್ತದೆ ಅಲ್ವಾ?

ಈ ಜಗಳವೇ ಬೇಡ ಅನ್ನಿಸಿದರೆ ಇನ್ನೊಂದು ದಾರಿ ಇದೆ. ‘ಸೆಡ್’ ಬಿಟ್ಟು ‘ದ ಕ್ಲೈಂಟ್ ಸೇಸ್ ದ ಪೇಜ್ ಈಸ್ ಸ್ಲೋ’ ಅನ್ನಿ. ಅಥವಾ ‘ದ ಕ್ಲೈಂಟ್ ಹ್ಯಾಸ್ ರಿಪೋರ್ಟೆಡ್ ದಟ್ ದ ಪೇಜ್ ಈಸ್ ಸ್ಲೋ’ ಅನ್ನಿ. ಮುಖ್ಯ ಕ್ರಿಯಾಪದ ಪಾಸ್ಟ್ ಅಲ್ಲದಿದ್ದರೆ ಒಳಗಿನದನ್ನು ಎಳೆಯುವವರೇ ಇಲ್ಲ. ಆಫೀಸ್ ಮೇಲ್‌ಗೆ ಎರಡನೆಯದು ನನಗೆ ಜಾಸ್ತಿ ಇಷ್ಟ.

ಆದರೆ ‘ಥಾಟ್’, ‘ನ್ಯೂ’, ‘ಫರ್ಗಾಟ್’, ‘ರಿಯಲೈಸ್ಡ್’ ಇಂಥವು ಬಂದಾಗ ‘ಸೆಡ್’ ಕೊಡುವಷ್ಟು ಸ್ವಾತಂತ್ರ್ಯ ಸಿಗುವುದಿಲ್ಲ. ಬೆಂಗಳೂರಿನ ಆಫೀಸುಗಳಲ್ಲಿ ನಾನು ದಿನಾ ಕೇಳುವ ವಾಕ್ಯ ‘ಓ, ಐ ಥಾಟ್ ಯು ಆರ್ ಇನ್ ದ ಮೀಟಿಂಗ್’. ಇದರ ಕೆಳಗೆ ‘ನೀವು ಮೀಟಿಂಗಲ್ಲಿದ್ದೀರಿ ಅಂದ್ಕೊಂಡೆ’ ಅನ್ನುವ ಕನ್ನಡ ಇದೆ. ಇಂಗ್ಲಿಷಿನಲ್ಲಿ ಇದು ‘ಯು ವರ್’ ಆಗಲೇಬೇಕು. ಕಾರಣ ಸರಳ. ಅಂದುಕೊಂಡದ್ದು ಸುಳ್ಳು ಅಂತ ಈಗ ಗೊತ್ತಾಗಿದೆ, ಅವರು ಎದುರಿಗೇ ನಿಂತಿದ್ದಾರೆ. ಸುಳ್ಳಾದ ಮಾತಿನ ಹಿಂದೆ ಯಾರು ನಿಲ್ಲುತ್ತಾರೆ? ‘ಫರ್ಗಾಟ್’ದು ಸ್ವಲ್ಪ ಮೆತ್ತಗೆ. ‘ಐ ಫರ್ಗಾಟ್ ಯು ಡೋಂಟ್ ಟೇಕ್ ಶುಗರ್’ ಅನ್ನುವವರೂ ಇದ್ದಾರೆ. ‘ಡಿಡಂಟ್’ ಅಂದರೆ ಯಾರೂ ತಕರಾರು ಮಾಡುವುದಿಲ್ಲ.

ಪೇಪರ್‌ನವರಿಗೆ ಬೇರೆ ರೂಲ್ ಏನೂ ಇಲ್ಲ. ಜೂನ್ ಇನ್ನೂ ಬಂದಿಲ್ಲ, ಹಾಗಾಗಿ ‘ವಿಲ್ ಓಪನ್’ ಬರೆಯುವ ಹೊತ್ತಿಗೂ ಮುಂದಿನ ಮಾತೇ. ಡಬಲ್ ಆ್ಯಕ್ಸೆಸ್ ಪಾಸ್. ಜೊತೆಗೆ ಸುದ್ದಿಗೆ ‘ವಿಲ್’ ಬಿಸಿಬಿಸಿಯಾಗಿ ಕೇಳಿಸುತ್ತದೆ. ಎಚ್ಚರಿಕೆಯ ವರದಿಗಾರರು ‘ವುಡ್ ಓಪನ್’ ಬರೆಯುತ್ತಾರೆ: ಭರವಸೆ ಸಚಿವರದ್ದು, ನಮ್ಮದಲ್ಲ. ಆಗಸ್ಟ್‌ನಲ್ಲಿ ಅದೇ ಸುದ್ದಿಯನ್ನು ನೆನಪಿಸಿ ಬರೆಯುವಾಗ ‘ವುಡ್’ ಬಿಟ್ಟರೆ ಬೇರೆ ಗತಿ ಇಲ್ಲ. ನಮ್ಮ ಸೇತುವೆಗಳ ಇತಿಹಾಸ ನೋಡಿದವರು ಜೂನ್‌ಗೆ ಮೊದಲೇ ‘ವುಡ್’ ಹಾಕಿದರೂ ನಾನು ತಿದ್ದುವುದಿಲ್ಲ.

ಮೀಟಿಂಗ್ ಮಿನಿಟ್ಸ್ ಬರೆಯುವುದಿದ್ದರೆ ಮಾತ್ರ ಪೂರ್ತಿ ಬ್ಯಾಕ್‌ಶಿಫ್ಟ್ ಮಾಡಿ. ಮಿನಿಟ್ಸ್ ಅನ್ನು ಆರು ತಿಂಗಳ ನಂತರ ಯಾರೋ ತೆಗೆದು ಓದುತ್ತಾರೆ. ಆಗ ಒಳಗಿರುವ ‘ಈಸ್’, ‘ವಿಲ್’ ಎಲ್ಲ ಹಳಸಿರುತ್ತವೆ. 19ನೇ ಶತಮಾನದ ಬ್ರಿಟಿಷ್ ಪಾರ್ಲಿಮೆಂಟಿನ ವರದಿ ಹ್ಯಾನ್ಸಾರ್ಡ್ ತೆರೆದು ನೋಡಿ. ಬಹಳಷ್ಟು ಭಾಷಣಗಳು ಹೀಗೇ ಇವೆ: ಶುರುವಿನಲ್ಲಿ ಒಂದು ‘ಸೆಡ್’, ಆಮೇಲೆ ಉದ್ದಕ್ಕೂ ‘ಹಿ ವಾಸ್’, ‘ಹಿ ವುಡ್’, ‘ಹಿ ಹ್ಯಾಡ್’. 1909ರಿಂದ ಅಲ್ಲಿ ಸದಸ್ಯರ ಮಾತನ್ನು ಅವರದೇ ‘ಐ’ನಲ್ಲಿ ಪೂರ್ತಿ ಹಾಕುವ ಪದ್ಧತಿ ಬಂತು. ಹಳೇ ಶೈಲಿ ಮಿನಿಟ್ಸ್ ಪುಸ್ತಕಗಳಲ್ಲಿ ಇವತ್ತಿಗೂ ಉಳಿದಿದೆ.

ಬ್ಯಾಕ್‌ಶಿಫ್ಟ್ ಮಾಡುವ ವಿಧಾನ ನಿಮಗೆ ಗೊತ್ತಿರುತ್ತದೆ, ಬೇಗ ಹೇಳಿ ಮುಗಿಸುತ್ತೇನೆ. ‘ವಿಲ್’ ‘ವುಡ್’ ಆಗುತ್ತದೆ, ‘ಕ್ಯಾನ್’ ‘ಕುಡ್’, ‘ಮೇ’ ‘ಮೈಟ್’. ‘ಮಸ್ಟ್’ ಹಾಗೇ ಇರಬಹುದು, ‘ಹ್ಯಾಡ್ ಟು’ ಆದರೂ ಸರಿ. ‘ವುಡ್’, ‘ಕುಡ್’, ‘ಶುಡ್’, ‘ಮೈಟ್’ ಆಗಲೇ ಹಿಂದೆ ಸರಿದು ನಿಂತಿವೆ, ಅವನ್ನು ಮುಟ್ಟಬೇಡಿ. ‘ಇಫ್ ವಿ ಹ್ಯಾಡ್ ಮೋರ್ ಟೈಮ್, ವಿ ವುಡ್ ಟೆಸ್ಟ್ ಎವ್ರಿಥಿಂಗ್’ ಅನ್ನುವಂಥ ಬರೀ ಕಲ್ಪನೆಯ ಮಾತನ್ನೂ ಹಾಗೇ ಬಿಡಿ. ಅಲ್ಲಿನ ಪಾಸ್ಟ್‌ಗೂ ಕಾಲಕ್ಕೂ ಸಂಬಂಧವೇ ಇಲ್ಲ. ‘ಟುಮಾರೋ’ವನ್ನು ‘ದ ನೆಕ್ಸ್ಟ್ ಡೇ’ ಮಾಡಬೇಕಾ ಅನ್ನುವುದು ಕ್ಯಾಲೆಂಡರ್ ನೋಡಿ ತೀರ್ಮಾನಿಸಿ. ಅದೇ ದಿನ ಮೇಲ್ ಹಾಕುತ್ತಿದ್ದರೆ ನಾಳೆ ಇನ್ನೂ ನಾಳೆಯೇ.

‘ಹ್ಯಾಡ್’ ಬಗ್ಗೆ ಮಾತ್ರ ಎರಡು ಮಾತು ಜಾಸ್ತಿ ಹೇಳಬೇಕು. ಡೆವಲಪರ್ ‘ವಿ ಫಿಕ್ಸ್ಡ್ ದ ಬಗ್ ಆನ್ ಮಂಡೇ’ ಅಂದರೆ, ರೂಲ್ ಪ್ರಕಾರ ‘ದೆ ಸೆಡ್ ದೆ ಹ್ಯಾಡ್ ಫಿಕ್ಸ್ಡ್ ದ ಬಗ್ ಆನ್ ಮಂಡೇ’. ಆದರೆ ‘ಆನ್ ಮಂಡೇ’ ಇದ್ದ ಮೇಲೆ ಯಾವುದು ಮೊದಲು ಅನ್ನುವುದು ಸ್ಪಷ್ಟ. ಸುಮ್ನೆ ‘ದೆ ಫಿಕ್ಸ್ಡ್’ ಅಂದರೂ ನಡೆಯುತ್ತದೆ. ನಾವು ‘ಹ್ಯಾಡ್’ ಬೇಕಾದ ಕಡೆ ಬಿಡುವುದಕ್ಕಿಂತ ಬೇಡದ ಕಡೆ ಹಾಕುವುದೇ ಹೆಚ್ಚು. ‘ಐ ಹ್ಯಾಡ್ ಸೆಂಟ್ ದ ಮೇಲ್ ಯೆಸ್ಟರ್‌ಡೇ.’ ಇದರ ಕೆಳಗೆ ‘ನಿನ್ನೆ ಮೇಲ್ ಕಳಿಸಿದ್ದೆ’ ಇದೆ. ಕನ್ನಡದ ‘ಕಳಿಸಿದ್ದೆ’ಗೆ ಜೊತೆ ಬೇಡ, ಒಂಟಿಯಾಗಿ ನಿಲ್ಲುತ್ತದೆ. ಇಂಗ್ಲಿಷಿನ ‘ಹ್ಯಾಡ್ ಸೆಂಟ್’ಗೆ ಅದರ ನಂತರ ನಡೆದ ಇನ್ನೊಂದು ಹಳೇ ಸಂಗತಿ ಬೇಕು. ಅದಿಲ್ಲದಿದ್ದರೆ ಓದುವವರು ‘ಕಳಿಸಿದ್ದಿರಿ, ಆಮೇಲೆ ಏನಾಯಿತು?’ ಅಂತ ಕಾಯುತ್ತಾರೆ. ‘ಐ ಸೆಂಟ್ ದ ಮೇಲ್ ಯೆಸ್ಟರ್‌ಡೇ’ ಸಾಕು.

ಆಫೀಸ್ ಪತ್ರಗಳಲ್ಲಿ ಜನ ಎಡವುವ ಇನ್ನೊಂದು ಜಾಗ ಇದೆ. ‘ದ ಕೋರ್ಟ್ ಆರ್ಡರ್ಡ್ ದಟ್ ಹಿ ಪೇ ದ ಫೈನ್.’ ಇಲ್ಲಿ ‘ಪೇಡ್’ ಅಲ್ಲ, ‘ಪೇಸ್’ ಕೂಡ ಅಲ್ಲ, ಬರೀ ‘ಪೇ’. ಆರ್ಡರ್ಡ್, ರೆಕಮೆಂಡೆಡ್, ಇನ್ಸಿಸ್ಟೆಡ್, ಸಜೆಸ್ಟೆಡ್ ಇವು ‘ಹೀಗೆ ಆಗಬೇಕು’ ಅಂತ ಹೇಳುವಾಗ ಒಳಗಿನ ಕ್ರಿಯಾಪದ ಬೋಳಾಗಿಯೇ ಇರುತ್ತದೆ. ‘ದ ಕಮಿಟಿ ರೆಕಮೆಂಡೆಡ್ ದಟ್ ದ ಅಮೌಂಟ್ ಬಿ ರಿಫಂಡೆಡ್.’ ಪಾಸ್ಟ್ ಎಷ್ಟು ಎಳೆದರೂ ಇದು ಜಗ್ಗುವುದಿಲ್ಲ. ಬೇಕಿದ್ದರೆ ‘ಶುಡ್ ಬಿ ರಿಫಂಡೆಡ್’ ಅನ್ನಬಹುದು. ಬ್ರಿಟನ್ನಿನಲ್ಲಿ ಇದರ ಬಳಕೆ ಹೆಚ್ಚು.

ಇನ್ನು ನಿಮ್ಮ ಎರಡನೇ ಪ್ರಶ್ನೆ, ‘ವೆನ್ ದ ಬಿಲ್ಡ್ ವಿಲ್ ಕಮ್’. ಇಲ್ಲಿ ಕನ್ನಡವನ್ನು ದೂರುವಂತಿಲ್ಲ. ನೀವು ಕನ್ನಡದಲ್ಲಿ ಏನು ಹೇಳುತ್ತೀರಿ? ‘ಬಿಲ್ಡ್ ಬಂದಾಗ ತಿಳಿಸುತ್ತೇನೆ.’ ‘ಬಂದಾಗ’ದಲ್ಲಿ ಇರುವುದು ‘ಬಂದ’, ಭೂತಕಾಲದ ರೂಪ. ಮುಂದೆ ಆಗುವುದಕ್ಕೆ ನಾವು ಹಿಂದಿನ ರೂಪ ಬಳಸುತ್ತೇವೆ, ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ‘ಬಂದರೆ’, ‘ಬಂದ ಮೇಲೆ’, ‘ಬಂದ ಕೂಡಲೇ’ ಎಲ್ಲ ಹಾಗೇ. ಮುಂದಿನದು ಅನ್ನುವುದನ್ನು ‘ತಿಳಿಸುತ್ತೇನೆ’ ಒಂದೇ ಹೊತ್ತುಕೊಂಡಿದೆ. ಇಂಗ್ಲಿಷಿನಲ್ಲೂ ಆ ಹೊರೆ ಮುಖ್ಯ ವಾಕ್ಯದ ‘ವಿಲ್’ ಮೇಲೆ ಮಾತ್ರ. ಒಳಗೆ ಪ್ರೆಸೆಂಟ್: ‘ಐ ವಿಲ್ ಅಪ್‌ಡೇಟ್ ಯು ವೆನ್ ದ ಬಿಲ್ಡ್ ಕಮ್ಸ್.’ ಇಫ್, ಅನ್‌ಲೆಸ್, ಅನ್ಟಿಲ್, ಬಿಫೋರ್, ಆಫ್ಟರ್, ಒನ್ಸ್, ಆ್ಯಸ್ ಸೂನ್ ಆ್ಯಸ್ ಇವಕ್ಕೂ ಇದೇ.

ಹಾಗಂತ ‘ವೆನ್’ ಪಕ್ಕದಲ್ಲಿ ‘ವಿಲ್’ ಕಂಡಲ್ಲೆಲ್ಲ ಹೊಡೆದು ಹಾಕಬೇಡಿ. ‘ಐ ಡೋಂಟ್ ನೋ ವೆನ್ ದ ಬಿಲ್ಡ್ ವಿಲ್ ಕಮ್’ ಪೂರ್ತಿ ಸರಿ. ವ್ಯತ್ಯಾಸ ಹಿಡಿಯುವುದಕ್ಕೆ ಕನ್ನಡದವರಿಗೆ ಒಂದು ಸುಲಭ ದಾರಿ ಇದೆ. ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಳ್ಳಿ. ‘ಬಂದಾಗ’ ಅಂತ ಬಂದರೆ ‘ಕಮ್ಸ್’. ‘ಯಾವಾಗ ಬರುತ್ತೆ ಅಂತ’ ಅಂದರೆ ‘ವಿಲ್ ಕಮ್’. ಬಿಲ್ಡ್ ಯಾವಾಗ ಬರುತ್ತೆ ಅಂತ ಗೊತ್ತಿಲ್ಲ, ಬಂದಾಗ ಹೇಳುತ್ತೇನೆ. ‘ಇಫ್’ಗೂ ಇದು ನಡೆಯುತ್ತದೆ. ‘ಅವರು ಒಪ್ಪಿದರೆ’ ಅಂದರೆ ‘ಇಫ್ ದೆ ಅಗ್ರೀ’. ‘ಒಪ್ಪುತ್ತಾರಾ ಇಲ್ವಾ ಅಂತ ಗೊತ್ತಿಲ್ಲ’ ಅಂದರೆ ‘ಐ ಡೋಂಟ್ ನೋ ಇಫ್ ದೆ ವಿಲ್ ಅಗ್ರೀ’. ಇಂಗ್ಲಿಷ್ ಒಂದೇ ಪದದಲ್ಲಿ ಎರಡು ಕೆಲಸ ಮಾಡಿಸುತ್ತದೆ. ಕನ್ನಡ ಎರಡನ್ನೂ ಬೇರೆ ಬೇರೆ ಇಟ್ಟಿದೆ. ಈ ಒಂದು ವಿಷಯದಲ್ಲಿ ಇಂಗ್ಲಿಷ್ ಮಾತ್ರ ಬಲ್ಲವರಿಗಿಂತ ನಮಗೇ ಲಾಭ.

ನೀವು ಕೇಳಿದ ಎರಡು ಸಂಗತಿಗಳೂ ಒಟ್ಟಿಗೆ ಸೇರಿದರೆ? ನಾಳೆ ನಿಮ್ಮ ಲೀಡ್ ನಿಮ್ಮ ಮೇಲ್ ಬಗ್ಗೆ ಇನ್ನೊಬ್ಬರಿಗೆ ಹೇಳುತ್ತಾರೆ: ‘ಶಿ ಸೆಡ್ ಶಿ ವುಡ್ ಅಪ್‌ಡೇಟ್ ಅಸ್ ವೆನ್ ದ ಬಿಲ್ಡ್ ಕೇಮ್.’ ‘ಕೇಮ್’ ನೋಡಿ ಬಿಲ್ಡ್ ಬಂದೇ ಬಿಟ್ಟಿತು ಅಂದುಕೊಳ್ಳಬೇಡಿ. ‘ಕಮ್ಸ್’ ಒಂದು ಹೆಜ್ಜೆ ಹಿಂದೆ ಸರಿದು ‘ಕೇಮ್’ ಆಗಿದೆ, ಅಷ್ಟೇ. ಬಿಲ್ಡ್ ಇನ್ನೂ ಬರಬೇಕಾಗಿಯೇ ಇರಬಹುದು. ಇದು ಕಣ್ಣಿಗೆ ಅಭ್ಯಾಸ ಆಗುವುದಕ್ಕೆ ಸ್ವಲ್ಪ ಟೈಮ್ ಹಿಡಿಯುತ್ತದೆ.

ಒಂದು ಎಚ್ಚರಿಕೆ ಬಾಕಿ ಇದೆ. ಬ್ಯಾಕ್‌ಶಿಫ್ಟ್ ಕಲಿತ ಉತ್ಸಾಹದಲ್ಲಿ ಕೆಲವರು ಪಾಸ್ಟ್ ಪಕ್ಕ ಇರುವ ಎಲ್ಲ ವಾಕ್ಯಗಳನ್ನೂ ಪಾಸ್ಟ್ ಮಾಡುತ್ತಾರೆ. ಇಷ್ಟು ಹೊತ್ತು ಹೇಳಿದ್ದು ಹೇಳುವ, ಯೋಚಿಸುವ, ತಿಳಿಯುವ ಕ್ರಿಯಾಪದಗಳ ಒಳಗೆ ಬರುವ ‘ದಟ್’ ವಾಕ್ಯಗಳಿಗೆ. ‘ಹೂ’, ‘ವಿಚ್’, ‘ಬಿಕಾಸ್’, ‘ದ್ಯಾನ್’ ಇವುಗಳಿಂದ ಶುರುವಾಗುವ ವಾಕ್ಯಗಳಿಗೆ ಈ ಎಳೆತ ಇಲ್ಲ. ಅವು ತಮ್ಮ ಕಾಲವನ್ನು ತಾವೇ ಹೇಳುತ್ತವೆ. ‘ವಿ ಮೆಟ್ ದ ವೆಂಡರ್ ಹೂ ಸಪ್ಲೈಸ್ ಅವರ್ ಲ್ಯಾಪ್‌ಟಾಪ್ಸ್’ ಅಂದರೆ ಅವರು ಈಗಲೂ ಸಪ್ಲೈ ಮಾಡುತ್ತಿದ್ದಾರೆ. ‘ಸಪ್ಲೈಡ್’ ಅಂದರೆ ಹಿಂದೆ ಮಾಡುತ್ತಿದ್ದರು, ಈಗ ಬೇರೆಯವರಿಗೆ ಆರ್ಡರ್ ಹೋಗಿರಬಹುದು ಅನ್ನುವ ಅರ್ಥಕ್ಕೆ ದಾರಿ ಬಿಟ್ಟಂತೆ. ಪಾಸ್ಟ್ ಹಾಕಿದರೆ ‘ಈಗ ಇಲ್ಲ’ ಅಂತ ಆಗಲ್ವಾ ಅಂತ ನೀವು ಭಯಪಟ್ಟಿರಲ್ಲ, ಆ ಭಯಕ್ಕೆ ಸರಿಯಾದ ಜಾಗ ಇದು. ನಿಮ್ಮ ಲೀಡ್ ಇಂಥ ಕಡೆ ‘ಸಪ್ಲೈಸ್’ ಹೊಡೆದು ‘ಸಪ್ಲೈಡ್’ ಮಾಡಿದರೆ, ಧೈರ್ಯವಾಗಿ ವಾಪಸ್ ತಿದ್ದಿ.